ಚೈನ್ ಹಾಕದ ಕಾರು

ಆರ್ಥರ್ ಮಥಾಯಸ್ ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದವನು. ಅಷ್ಟು ವರ್ಷದಲ್ಲಿ ಯಾರ ಗಾಡಿಗೂ ಉಗುರಿನಷ್ಟು ತಾಗಿಸಿದವನಲ್ಲ, ಯಾರ ನಾಯಿಯನ್ನೂ ಮೆಟ್ಟಿದವನಲ್ಲ. ಶಿರ್ವದಲ್ಲಿ ಇಗರ್ಜಿಯ ಹಿಂದಿನ ಓಣಿಯಲ್ಲಿ ಹುಟ್ಟಿ, ಉಡುಪಿ–ಕಾರ್ಕಳ ರೂಟಿನ ಬಸ್ಸಿನಲ್ಲಿ ಕ್ಲೀನರ್ ಆಗಿ, ಇಪ್ಪತ್ನಾಲ್ಕಕ್ಕೆ ಕುವೈತಿಗೆ ಹೋದ. ಅಲ್ಲಿ ಹದಿನೇಳು ವರ್ಷ ಎಣ್ಣೆಬಾವಿಗಳಿಗೆ ಪೈಪು ಸಾಗಿಸುವ ಟ್ರೇಲರ್ ಓಡಿಸಿದ. ಮರಳುಗಾಳಿ ಎದ್ದಾಗ ಉಳಿದ ಡ್ರೈವರುಗಳು ಟ್ರಿಪ್ ಹೆಚ್ಚಾಗಲೆಂದು ಮುನ್ನುಗ್ಗುತ್ತಿದ್ದರೆ ಇವನು ರಸ್ತೆಯಿಂದ ದೂರ ಇಳಿಸಿ ನಿಲ್ಲಿಸಿ, ಫ್ಲಾಸ್ಕಿನ ಚಹಾ ಕುಡಿದು ಕಾಯುತ್ತಿದ್ದ. ಅದಕ್ಕಾಗಿ ಅವನಿಗೆ ಬೈಗುಳ ಬಿದ್ದದ್ದುಂಟು, ಗಾಡಿಗೆ ಒಂದು ಗೀರೂ ಬಿದ್ದದ್ದಿಲ್ಲ.

ಹೆಂಡತಿ ಸೆಲಿನ್ ನರ್ಸು. ಅವಳ ಕೆಲಸದ ಮೇಲೆ ಆಸ್ಟ್ರೇಲಿಯಾದ ವೀಸಾ ಸಿಕ್ಕಿ ಮೊದಲು ಪರ್ತ್‌ಗೆ ಬಂದರು. ಮೂರು ವರ್ಷ ಕಳೆದು, ಅಡಿಲೇಡಿನ ವೃದ್ಧಾಶ್ರಮವೊಂದರಲ್ಲಿ ಅವಳಿಗೆ ಕಾಯಂ ಕೆಲಸ ಆದ ಮೇಲೆ ಸ್ಯಾಲಿಸ್‌ಬರಿಯಲ್ಲಿ ಮನೆ ಮಾಡಿದರು. ಆರ್ಥರ್ ಅಲ್ಲಿಯ ಬಸ್ ಡಿಪೋ ಸೇರಿದ. ಮಗಳು ರೊವೆನಾ ಓದು ಮುಗಿಸಿ ಬ್ರಿಸ್ಬೇನ್ ಬಳಿಯ ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿದ್ದಳು. ಬೆಳಿಗ್ಗೆ ಐದಕ್ಕೆ ಡಿಪೋದಲ್ಲಿ ಬಸ್ಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟಯರುಗಳನ್ನು ಕೈಯಿಂದ ಸವರಿ, ಶಿಲುಬೆಯ ಗುರುತು ಮಾಡಿ ಏರುವುದು ಆರ್ಥರನ ಕ್ರಮ. ಸ್ಟಾಪಿನಲ್ಲಿ ಕಾಯುವ ಮುದುಕಿಯರು ಅವನ ಬಸ್ಸೇ ಬರಲಿ ಎಂದು ಮೊದಲು ಬಂದದ್ದನ್ನು ಬಿಡುತ್ತಿದ್ದರಂತೆ. ಅವನು ಬ್ರೇಕ್ ಹಾಕಿದ್ದು ಗೊತ್ತೇ ಆಗುವುದಿಲ್ಲ ಎನ್ನುತ್ತಿದ್ದರು. ಇದನ್ನು ಅವನು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ, ಆದರೆ ಮರೆಯಲೂ ಇಲ್ಲ.

ಅಡಿಲೇಡಿನ ಕನ್ನಡ ಬಳಗದಲ್ಲಿ ಆರ್ಥರ್ ಎಂದರೆ ಡ್ರೈವರ್ ಆರ್ಥರ್. ಗಣೇಶನ ಹಬ್ಬಕ್ಕೆ ಪಾತ್ರೆ ಸಾಗಿಸಲು, ಏರ್‌ಪೋರ್ಟಿನಿಂದ ಕಲಾವಿದರನ್ನು ಕರೆತರಲು ಅವನು ಬೇಕು. 2023ರ ಜೂನ್‌ನಲ್ಲಿ ಡಾಕ್ಟರ್ ಕೌಸ್ತುಭ್ ಅವರ ಫೋನ್ ಬಂತು. ಅವರು ಮೈಸೂರಿನವರು, ಇಲ್ಲಿ ದೊಡ್ಡ ಕ್ಲಿನಿಕ್ ಇತ್ತು, ಬಳಗದ ಯಾವ ಕಾರ್ಯಕ್ರಮಕ್ಕೂ ಅವರದೇ ಮುಂದಾಳತ್ವ. ವಯಸ್ಸಿನಲ್ಲಿ ಆರ್ಥರನಿಗಿಂತ ಹನ್ನೊಂದು ವರ್ಷ ಚಿಕ್ಕವರು.

"ಆರ್ಥರ್, ಜುಲೈ ರಜೆಗೆ ಸ್ನೋ ನೋಡಕ್ಕೆ ಹೋಗೋಣ ಅಂತ. ವಿಕ್ಟೋರಿಯಾ ಕಡೆ. ಮಿನಿಬಸ್ ಒಂದು ಬಾಡಿಗೆಗೆ ತಗೋತೀವಿ, ನೀವು ಓಡಿಸ್ಬೇಕು. ಸೆಲಿನ್ ಆಂಟಿನೂ ಕರ್ಕೊಂಡು ಬನ್ನಿ, ಫ್ಯಾಮಿಲಿ ಥರ ಹೋಗ್ಬಂದ್ಬಿಡೋಣ."

ಇಲ್ಲಿ ಜುಲೈ ಎಂದರೆ ನಡುಚಳಿಗಾಲ, ಪಕ್ಕದ ರಾಜ್ಯ ವಿಕ್ಟೋರಿಯಾದ ಬೆಟ್ಟಗಳಲ್ಲಿ ಹಿಮ ಬೀಳುವ ಕಾಲ. ಆರ್ಥರ್ ಅಲ್ಲಿಯವರೆಗೆ ಹಿಮ ಕಂಡವನಲ್ಲ. ಸೆಲಿನ್‌ಗೂ ನೋಡುವ ಆಸೆ. ಒಪ್ಪಿದ.

ಒಪ್ಪಿದ ಮೇಲೆ ಅವನಿಗೆ ನಿದ್ದೆ ಕಡಿಮೆಯಾಯಿತು. ಹಿಮಕ್ಕೆ ಗಾಡಿ ಕೊಡಲು ಬಾಡಿಗೆಯವರು ಒಪ್ಪುವುದಿಲ್ಲ. ನಾಲ್ಕು ಕಡೆ ಅಲೆದು, ಒಯ್ಯಬಹುದೆಂದು ಕಾಗದದಲ್ಲೇ ಬರೆದುಕೊಡುವವರನ್ನು ಹುಡುಕಿ ಒಂದು ಮಿನಿಬಸ್ ಗೊತ್ತು ಮಾಡಿದ. ಹಿಮದಲ್ಲಿ ಜಾರದಂತೆ ಟಯರಿಗೆ ಸುತ್ತುವ ಚೈನನ್ನು ಅದರ ಚಕ್ರದ ಅಳತೆಗೆ ಸರಿಯಾಗಿ ತಂದು, ಮನೆಯ ಮುಂದೆ ಅಂಗಾತ ಮಲಗಿ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಅಭ್ಯಾಸ ಮಾಡಿದ. ಚಳಿಯಲ್ಲಿ ಬೆರಳು ಮರಗಟ್ಟಿದರೆ ಕೊಂಡಿ ಸಿಗುವುದಿಲ್ಲವೆಂದು ಕಣ್ಣು ಮುಚ್ಚಿಕೊಂಡೂ ಹಾಕಿ ನೋಡಿದ. ಪಕ್ಕದ ಮನೆಯ ಗ್ಲೆನ್ ಬೇಲಿಯಾಚೆಯಿಂದ, ಸ್ಯಾಲಿಸ್‌ಬರಿಯಲ್ಲಿ ಹಿಮ ಬೀಳುತ್ತದೆಂದು ಯಾರು ಹೇಳಿದರು ಮಾರಾಯ ಎಂದು ನಕ್ಕ.

ಹೊರಡಲು ಮೂರು ವಾರವಿದ್ದಾಗ ಡಾಕ್ಟರ ಮನೆಯಲ್ಲಿ ಮಾತುಕತೆ. ಊಟ ಆದ ಮೇಲೆ ಅವರು ಆರ್ಥರನನ್ನು ಗ್ಯಾರೇಜಿಗೆ ಕರೆದೊಯ್ದು ಹೊಸ ಕಾರು ತೋರಿಸಿದರು. ಆನೆಯಂಥ ಗಾಡಿ. ಕಪ್ಪು ಬಣ್ಣ, ಅಗಲ ಚಕ್ರ, ಒಳಗೆ ಟಿವಿಯಷ್ಟು ದೊಡ್ಡ ಪರದೆ.

"ಚಂದ ಉಂಟು ಡಾಕ್ಟ್ರೆ," ಎಂದ ಆರ್ಥರ್. "ಆದ್ರೆ ಇದು ಹಿಮಕ್ಕೆ ಬೇಡ."

"ಯಾಕ್ರೀ? ಆಲ್-ವೀಲ್ ಡ್ರೈವ್ ಇದು. ಸ್ನೋ ಮೋಡ್ ಇದೆ ನೋಡಿ, ಬಟನ್ ಒತ್ತಿದ್ರೆ ಮುಗೀತು."

ಆರ್ಥರ್ ಮಂಡಿಯೂರಿ ಕುಳಿತು ಟಯರಿನ ಒಳಮಗ್ಗುಲಿಗೆ ಬೆರಳು ತೂರಿಸಿ ನೋಡಿದ. "ಇಲ್ಲಿ ನನ್ನ ಎರಡು ಬೆರಳು ಹೋಗುದಿಲ್ಲ. ಚೈನ್ ಎಲ್ಲಿ ಕೂರ್ತದೆ? ಕಾರಿನ ಪುಸ್ತಕದಲ್ಲಿ ಬರೆದಿರ್ತದೆ, ಓದಿ. ಈ ಚಕ್ರಕ್ಕೆ ಚೈನ್ ಆಗುದಿಲ್ಲ. ಮತ್ತೆ ಇದು ಬೇಸಿಗೆಯ ಟಯರು. ಚಳಿಗೆ ಕಲ್ಲಿನ ಹಾಗೆ ಆಗ್ತದೆ."

"ಚೈನೆಲ್ಲಾ ಟೂ-ವೀಲ್ ಡ್ರೈವ್‌ನವರಿಗೆ ಆರ್ಥರ್."

"ನಾಲ್ಕು ಚಕ್ರ ತಿರುಗಿದ್ರೆ ಹೊರಡ್ಲಿಕ್ಕೆ ಸುಲಭ. ನಿಲ್ಸ್ಲಿಕ್ಕೆ ಎಲ್ಲಾ ಗಾಡಿಗೂ ಇರುದು ನಾಲ್ಕೇ ಚಕ್ರ. ನೀವೂ ಬಸ್ಸಿಗೇ ಬನ್ನಿ ಡಾಕ್ಟ್ರೆ, ಸೀಟು ಉಂಟು. ಇಲ್ಲದಿದ್ರೆ ಚೈನ್ ಕೂರುವಂಥ ಸಣ್ಣ ಫೋರ್-ವೀಲ್ ಒಂದು ಬಾಡಿಗೆಗೆ ತಗೊಳ್ಳಿ."

ಡಾಕ್ಟರು ಅವನ ಭುಜ ತಟ್ಟಿ ನಕ್ಕರು. "ಇಷ್ಟು ಗಾಡಿ ತಗೊಂಡು ಗ್ಯಾರೇಜಲ್ಲಿ ಇಟ್ಟು ಪೂಜೆ ಮಾಡ್ಲಾ? ನಿಮಗೆ ಮರಳು ಗೊತ್ತು. ಸ್ನೋ ನಾನು ನೋಡಿದೀನಿ, ಇಂಗ್ಲೆಂಡಲ್ಲಿ ಎರಡು ವರ್ಷ ಇದ್ದೆ."

ಇಂಗ್ಲೆಂಡಿನಲ್ಲಿ ಅವರು ಬಸ್ಸಿನಲ್ಲಿ ಓಡಾಡುತ್ತಿದ್ದರು, ಕಾರೇ ಇರಲಿಲ್ಲ. ಅದು ಆರ್ಥರನಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಜುಲೈ ಎರಡನೇ ವಾರ ಹೊರಟರು. ಬಸ್ಸಿನಲ್ಲಿ ಆರ್ಥರ್, ಸೆಲಿನ್, ಎರಡು ಕುಟುಂಬಗಳು, ಡಾಕ್ಟರ ಮಗಳು ಇಂಚರಾ. ಹದಿನಾಲ್ಕರ ಹುಡುಗಿ, ಗೆಳತಿಯರ ಜೊತೆ ಕೂರಲು ಬಸ್ಸಿಗೆ ಬಂದಿದ್ದಳು. ಕಾರಿನಲ್ಲಿ ಡಾಕ್ಟರು ಮತ್ತು ಹೆಂಡತಿ ರಂಜನಿ ಇಬ್ಬರೇ. ಮೊದಲ ದಿನವಿಡೀ ಬಯಲಿನಲ್ಲಿ ಓಡಿ, ಬೆಟ್ಟದ ಬುಡದ ಪುಟ್ಟ ಊರಿನಲ್ಲಿ ತಂಗಿದರು.

ಮಾರನೆಯ ಬೆಳಿಗ್ಗೆ ಆರ್ಥರ್ ಅಲ್ಲಿಯೇ ಬೆಟ್ಟಕ್ಕೆಂದು ಮಾರುವ ಬೇರೆ ಡೀಸೆಲ್ ತುಂಬಿಸಿದ. ಮಾಮೂಲಿ ಡೀಸೆಲ್ ಆ ಚಳಿಗೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ. ಪಕ್ಕದಲ್ಲೇ ಚೈನ್ ಬಾಡಿಗೆ ಅಂಗಡಿ. ಚಳಿಗಾಲದಲ್ಲಿ ಚೈನ್ ಜೊತೆಗೆ ಒಯ್ಯದ ಗಾಡಿಯನ್ನು ಮೇಲೆ ಬಿಡುವುದಿಲ್ಲವೆಂದು ದೊಡ್ಡ ಫಲಕ ಹಾಕಿತ್ತು. ಡಾಕ್ಟರು ಒಳಗೆ ಹೋಗಿ ಒಂದು ಚೀಲ ಹಿಡಿದು ಬಂದರು. ಆರ್ಥರ್ ಚೀಲದ ಮೇಲಿನ ಅಳತೆ ಓದಿದ.

"ಡಾಕ್ಟ್ರೆ, ಇದು ಸಣ್ಣ ಕಾರಿಂದು. ನಿಮ್ಮ ಟಯರಿಗೆ ಆಗುದಿಲ್ಲ."

"ಗೊತ್ತು ಆರ್ಥರ್. ಗೇಟಲ್ಲಿ ಕೇಳಿದ್ರೆ ತೋರ್ಸಕ್ಕೆ." ಡಾಕ್ಟರು ಕಣ್ಣು ಮಿಟುಕಿಸಿದರು. ಸುತ್ತ ನಿಂತಿದ್ದವರು ನಕ್ಕರು.

ಆರ್ಥರ್ ಬಾಯಿ ಮುಚ್ಚಿಕೊಂಡ. ಎಲ್ಲರೆದುರು ದೊಡ್ಡ ಮನುಷ್ಯನ ಮುಖ ಕೆಡಿಸುವುದು ಅವನಿಗೆ ಬರುತ್ತಿರಲಿಲ್ಲ. ಕುವೈತಿನಲ್ಲಾಗಿದ್ದರೆ, ಇನ್ನೊಬ್ಬ ಡ್ರೈವರ್ ಹೀಗೆ ಮಾಡಿದ್ದರೆ, ಕೀಲಿ ಕಿತ್ತುಕೊಂಡು ಮರಳಿಗೆ ಎಸೆಯುತ್ತಿದ್ದ. ಇಲ್ಲಿ ಎದುರಿಗಿದ್ದವರು ಡಾಕ್ಟರು. ಆ ಒಂದು ನಿಮಿಷದ ಮೌನಕ್ಕಾಗಿ ಅವನು ತನ್ನನ್ನು ಈವರೆಗೂ ಕ್ಷಮಿಸಿಕೊಂಡಿಲ್ಲ.

ಏರುವಾಗ ಏನೂ ಆಗಲಿಲ್ಲ. ಚೈನ್ ಹಾಕಲೆಂದೇ ಇರುವ ತಂಗುಜಾಗದಲ್ಲಿ ಆರ್ಥರ್ ಬಸ್ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಚೈನ್ ಬಿಗಿಯುತ್ತಿದ್ದಾಗ ಕಪ್ಪು ಕಾರು ಹಾರ್ನ್ ಹೊಡೆದು ಮುಂದೆ ಹೋಯಿತು. ಮೇಲೆ ಮುಟ್ಟಿದಾಗ ಡಾಕ್ಟರು ಕಾಫಿ ಹಿಡಿದು ಕಾಯುತ್ತಿದ್ದರು. "ನೋಡಿದ್ರಾ, ಒಂದಿಂಚು ಜಾರಲಿಲ್ಲ," ಎಂದರು. ಮಕ್ಕಳು ಜಾರುಹಲಗೆಯಲ್ಲಿ ಜಾರಿದರು. ಸೆಲಿನ್ ಎರಡೂ ಕೈಯಲ್ಲಿ ಹಿಮ ಹಿಡಿದು ಗಂಡನ ಕುತ್ತಿಗೆಗೆ ಹಾಕಿದಳು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವಳು ಹಾಗೆ ಕಿಲಕಿಲ ನಕ್ಕದ್ದು ಅವನು ಕಂಡಿರಲಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಹಿಮ ಜೋರಾಯಿತು. ಹತ್ತು ಮಾರು ದೂರದ ಕಂಬವೂ ಕಾಣಿಸದಂತಾಯಿತು. ಇಳಿಯುವ ಎಲ್ಲ ಗಾಡಿಗಳೂ, ಫೋರ್-ವೀಲ್ ಇದ್ದರೂ, ಚೈನ್ ಹಾಕಲೇಬೇಕೆಂದು ಧ್ವನಿವರ್ಧಕದಲ್ಲಿ ಸಾರಿದರು. ಆರ್ಥರ್ ಎಲ್ಲರನ್ನೂ ಬಸ್ ಹತ್ತಿಸಿದ. ಇಂಚರಾ ಕೊನೆಯ ಸೀಟಿನಲ್ಲಿ ಕುಳಿತಳು. ಅವನು ಕಾರಿನ ಬಳಿ ಹೋಗಿ ಕಿಟಕಿ ಬಡಿದ.

"ಕಾರು ಇಲ್ಲೇ ಬಿಡಿ ಡಾಕ್ಟ್ರೆ. ಬಸ್ಸಿಗೆ ಬನ್ನಿ. ನಾಳೆ ಬಂದು ತಗೊಂಡು ಹೋಗುವ."

"ಐದೂವರೆಗೆ ಕೆಳಗೆ ಟೇಬಲ್ ಬುಕ್ ಮಾಡಿದೀನಿ ಆರ್ಥರ್, ಹನ್ನೊಂದು ಜನಕ್ಕೆ. ನೀವು ಹೊರಡಿ, ನಾನು ಹಿಂದೇನೇ ಬರ್ತೀನಿ."

ಬಸ್ಸು ಇಪ್ಪತ್ತೈದರ ವೇಗದಲ್ಲಿ ಇಳಿಯಿತು. ಅರ್ಧ ದಾರಿಯಲ್ಲಿ ಹಿಂದಿನ ಬಲಚಕ್ರದ ಚೈನು ಸಡಿಲಾಗಿ ತಗಡಿಗೆ ಬಡಿಯುವ ಸದ್ದು ಕೇಳಿತು. ಮುಂದಿನ ತಂಗುಜಾಗ ಸಿಗುವವರೆಗೆ ತೆವಳುತ್ತಾ ಹೋಗಿ, ಆದಷ್ಟೂ ಎಡಕ್ಕೆ ನಿಲ್ಲಿಸಿದ. ನಾಲ್ಕೂ ದೀಪ ಮಿನುಗಿಸಿ, ಹಳದಿ ಜಾಕೆಟ್ ಹಾಕಿ, ಹಿಂದೆ ನಲವತ್ತು ಹೆಜ್ಜೆ ನಡೆದು ಕೆಂಪು ತ್ರಿಕೋನ ಇಟ್ಟು ಬಂದ. ಆಮೇಲೆ ಚಕ್ರದ ಪಕ್ಕ ಮಂಡಿಯೂರಿ ಕೊಂಡಿ ಹುಡುಕಿದ.

ರಸ್ತೆಯಲ್ಲಿ ಒಂದೊಂದೇ ಗಾಡಿ ದಾಟುತ್ತಿತ್ತು. ಎಲ್ಲಕ್ಕೂ ಚೈನ್ ಇದ್ದುದರಿಂದ ಬರುವ ಮೊದಲೇ ಖಣಖಣ ಕೇಳುತ್ತಿತ್ತು. ಕೇಳಿದಾಗೆಲ್ಲ ಅವನು ಕಾಲು ಒಳಗೆಳೆದುಕೊಂಡು, ಅದು ದಾಟಿದ ಮೇಲೆ ಮತ್ತೆ ಚಾಚಿ ಕೆಲಸಕ್ಕೆ ತೊಡಗುತ್ತಿದ್ದ. ಕೊಂಡಿ ಸಿಕ್ಕಿತು. ಬಿಗಿಯಲು ಬಲಗಾಲು ಹಿಂದಕ್ಕೆ ಚಾಚಿ ಒತ್ತುಕೊಟ್ಟ. ಏನೂ ಕೇಳಿಸಲಿಲ್ಲ. ಹೊಸ ಹಿಮದ ಮೇಲೆ ಚೈನಿಲ್ಲದ ಅಗಲ ಟಯರು ಬರುವುದು ಬೆಕ್ಕು ಬಂದ ಹಾಗೆ.

ಬಸ್ಸಿನ ಹಿಂದಿನ ಗಾಜಿನಿಂದ ಇಂಚರಾ ನೋಡಿದಳು. ತಿರುವಿನಲ್ಲಿ ಅಡ್ಡಡ್ಡಲಾಗಿ ಜಾರುತ್ತಾ ಬರುತ್ತಿದ್ದ ಕಾರು ಕಂಡು, "ದಟ್ಸ್ ಡ್ಯಾಡ್," ಎಂದಳು. ಸೆಲಿನ್ ತಿರುಗುವಷ್ಟರಲ್ಲಿ ಬಸ್ಸು ಅಲುಗಿತು.

ಮುಂದಿನ ಅರ್ಧ ಗಂಟೆ ಆರ್ಥರನಿಗೆ ತುಂಡು ತುಂಡಾಗಿ ನೆನಪಿದೆ. ಹಿಮ ಕೆಂಪಾದದ್ದು, ಸೆಲಿನ್ ಅವನ ತಲೆ ಹಿಡಿದು ಕೊಂಕಣಿಯಲ್ಲಿ ಜಪ ಹೇಳುತ್ತಿದ್ದದ್ದು, ಡಾಕ್ಟರ ಮುಖ ಅವನ ಮೇಲೆ ಬಾಗಿದ್ದು. ಡಾಕ್ಟರು ಮಗುವೊಂದರ ಜಾರುಹಲಗೆಯ ಹಗ್ಗ ಕಿತ್ತು, ಅವನ ತೊಡೆಗೆ ಸುತ್ತಿ, ಚೈನಿನ ಕಬ್ಬಿಣದ ಕೊಕ್ಕೆ ತೂರಿಸಿ ತಿರುಚಿ ಬಿಗಿದರು. "ಆರ್ಥರ್, ನನ್ನ ನೋಡಿ, ನನ್ನೇ ನೋಡ್ತಿರಿ," ಎನ್ನುತ್ತಿದ್ದರು. ಆಂಬ್ಯುಲೆನ್ಸ್ ಬರುವವರೆಗೂ ಆ ಕೊಕ್ಕೆ ಬಿಡಲಿಲ್ಲ.

ಮೆಲ್ಬರ್ನಿನ ಆಸ್ಪತ್ರೆಯಲ್ಲಿ ಎರಡನೆಯ ದಿನ ಮಂಡಿಯ ಕೆಳಗೆ ಬಲಗಾಲು ತೆಗೆದರು. ಅಲ್ಲಿಯ ಸರ್ಜನ್, ಸ್ಥಳದಲ್ಲಿ ರಕ್ತ ನಿಲ್ಲಿಸಿದವರು ಯಾರೋ, ಅವರಿಂದಲೇ ನೀನು ಉಳಿದೆ ಎಂದ. ಆ ಮಾತು ಸುಳ್ಳಲ್ಲ. ಅದೇ ಆರ್ಥರನ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತು.

ಬ್ರಿಸ್ಬೇನಿನಿಂದ ವಿಮಾನದಲ್ಲಿ ಓಡಿ ಬಂದ ರೊವೆನಾ ತಂದೆಯ ಫೋನ್ ತೆರೆದಾಗ ಬಳಗದ ವಾಟ್ಸಾಪ್ ಗುಂಪಿನಲ್ಲಿ ನೂರಾರು ಸಂದೇಶ. ಹಿಮದಲ್ಲಿ ಮಂಡಿಯೂರಿ ಕುಳಿತ ಡಾಕ್ಟರ ಫೋಟೋವನ್ನು ಬಸ್ಸಿನಲ್ಲಿದ್ದ ಯಾರೋ ತೆಗೆದು ಹಾಕಿದ್ದರು. ದೇವರ ಹಾಗೆ ಬಂದಿರಿ ಡಾಕ್ಟ್ರೇ. ನಿಮ್ಮ ಸಮಯಪ್ರಜ್ಞೆಗೆ ನಮನ. ಕೈ ಮುಗಿದ ಗುರುತುಗಳ ಸಾಲು. ಕಾಲು ಏಕೆ ಹೋಯಿತು ಎಂದು ಒಬ್ಬರೂ ಕೇಳಿರಲಿಲ್ಲ. ಒಬ್ಬರು ಮಾತ್ರ, ಆರ್ಥರ್ ಅಂಥ ಕಡೆ ಇಳಿಯಬಾರದಿತ್ತು ಎಂದು ಬರೆದಿದ್ದರು. ಅದಕ್ಕೆ ಏಳು ಜನ ಹೆಬ್ಬೆರಳೆತ್ತಿದ ಗುರುತು ಒತ್ತಿದ್ದರು.

"ಇವ್ರಿಗೆಲ್ಲ ನಾನು ಬರಿತೇನೆ ಡ್ಯಾಡಿ," ಎಂದಳು ರೊವೆನಾ.

"ಬೇಡ. ಮಮ್ಮಿಗೆ ಇದೇ ಜನರ ನಡುವೆ ಇರ್ಲಿಕ್ಕುಂಟು."

ಪೊಲೀಸರು ಬಂದು ಕೇಳಿದಾಗ ಅವನಿಗೆ ನೋವಿನ ಮದ್ದಿನ ಮಂಪರು. ಕಾರು ಎಷ್ಟು ವೇಗದಲ್ಲಿತ್ತು ಎಂದರು. ನೋಡಲಿಲ್ಲ ಎಂದ. ಕೇಳಿಸಿತೇ ಎಂದರು. ಇಲ್ಲ ಎಂದ. ಎರಡೂ ನಿಜ. ರಸ್ತೆಯ ಮೇಲಿನ ಜಾರಿದ ಗುರುತುಗಳನ್ನು ಅಷ್ಟರಲ್ಲಿ ಹಿಮ ಮುಚ್ಚಿಹಾಕಿತ್ತು.

ಸೆಪ್ಟೆಂಬರಿನಲ್ಲಿ ಮನೆಗೆ ಬಂದ ಮೇಲೆ ಒಂದು ದಿನ ಸೆಲಿನ್ ಕೆಲಸಕ್ಕೆ ಹೋಗಿದ್ದಾಗ ರಂಜನಿ ಬಂದಳು. ಡಬ್ಬಿಯಲ್ಲಿ ಬಿಸಿಬೇಳೆಬಾತ್ ತಂದಿದ್ದಳು. ಸೋಫಾದ ತುದಿಯಲ್ಲಿ ಕುಳಿತು, ಅವನ ಮಡಿಸಿ ಪಿನ್ ಹಾಕಿದ ಪ್ಯಾಂಟಿನ ಕಡೆ ನೋಡದೆ, ಬಹಳ ಹೊತ್ತು ವೈದ್ಯರು, ವ್ಯಾಯಾಮ ಎಂದೆಲ್ಲ ಮಾತಾಡಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ಹೇಳಿದಳು:

"ಆರ್ಥರ್ ಅಂಕಲ್, ಅವತ್ತು ಇವರು ಎರಡು ಗಾಡಿ ಓವರ್‌ಟೇಕ್ ಮಾಡಿದ್ರು. ಮುಂದಿನವರು ತುಂಬಾ ಸ್ಲೋ ಹೋಗ್ತಿದ್ರು ಅಂತ. ನಾನು ಬೇಡ ಬೇಡ ಅಂದೆ. ತಿರುವಲ್ಲಿ ನಿಮ್ಮ ಆ ಕೆಂಪು ಟ್ರಯಾಂಗಲ್ ಕಂಡ ತಕ್ಷಣ ಜೋರಾಗಿ ಬ್ರೇಕ್ ಒತ್ತಿಬಿಟ್ರು, ಗಾಡಿ ತಿರುಗಿಹೋಯ್ತು."

ಆರ್ಥರ್ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡ.

"ಪೊಲೀಸರಿಗೆ ನಾನು ನಿಧಾನವಾಗೇ ಹೋಗ್ತಿದ್ವಿ ಅಂದೆ. ಅವರ ಕೆಲಸ, ಕ್ಲಿನಿಕ್ಕು, ಏನಾಗತ್ತೋ ಅಂತ. ನಿದ್ದೇನೇ ಬರಲ್ಲ ಅಂಕಲ್. ನಿಮಗಾದ್ರೂ ಹೇಳ್ಬೇಕು ಅನ್ನಿಸ್ತು."

"ನನಗೆ ಯಾಕೆ ಹೇಳ್ತೀರಿ? ಯಾರಿಗೆ ಹೇಳ್ಬೇಕೋ ಅವ್ರಿಗೆ ಹೇಳಿ."

"ಅದಾಗಲ್ಲ ಅಂಕಲ್."

"ಹಾಗಾದ್ರೆ ನಿಮ್ಮ ನಿದ್ದೆಗೆ ನಾನು ಎಂತ ಮಾಡ್ಲಿ ರಂಜನಿಯವ್ರೆ?"

ಅವಳು ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಅವಳು ಹೋದ ಮೇಲೆ ಊರುಗೋಲು ಹಿಡಿದು ಅಡುಗೆಮನೆಗೆ ಹೋಗಿ, ಡಬ್ಬಿಯನ್ನು ಮುಚ್ಚಳ ತೆಗೆಯದೆ ಕಸದ ಬುಟ್ಟಿಗೆ ಹಾಕಿದ. ಹಾಕಿದ ಮೇಲೂ ಹಗುರ ಆಗಲಿಲ್ಲ. ಇಷ್ಟು ದಿನ ಮಂಜುಗಡ್ಡೆ, ಗಾಳಿ, ಗ್ರಹಚಾರ ಎಂದು ಏನಾದರೊಂದನ್ನು ಬೈದುಕೊಳ್ಳಬಹುದಿತ್ತು. ಈಗ ಊಟದ ಟೇಬಲ್ ಉಳಿಯಿತು, ಐದೂವರೆಯ ಟೇಬಲ್.

ಅಕ್ಟೋಬರಿನಲ್ಲಿ ಬಳಗದ ಅಧ್ಯಕ್ಷರಾದ ಮಹಾಬಲೇಶ್ವರ ಬಂದರು. ನಿವೃತ್ತ ಎಂಜಿನಿಯರು, ಮೃದು ಮಾತಿನವರು. ಡಾಕ್ಟರ ಮೇಲೆ ಅಜಾಗರೂಕ ಚಾಲನೆಯ ಕೇಸು ದಾಖಲಾಗಿತ್ತು. ಡಾಕ್ಟರು ಹಿಂದಿಕ್ಕಿದ್ದ ಕಾರೊಂದರ ಗಂಡಹೆಂಡಿರು ಸಾಕ್ಷಿ ಹೇಳಿದ್ದರು. ಮಹಾಬಲೇಶ್ವರ ಚೀಲದಿಂದ ಟೈಪು ಮಾಡಿದ ಕಾಗದ ತೆಗೆದರು.

"ಆರ್ಥರ್‌ವ್ರೇ, ಜಡ್ಜ್‌ಗೆ ಕೊಡಕ್ಕೆ ಒಂದು ಲೆಟರ್. ನಿಮಗೆ ಡಾಕ್ಟ್ರ ಮೇಲೆ ಯಾವ ಬೇಜಾರೂ ಇಲ್ಲ, ಅವರು ನಿಮ್ಮ ಪ್ರಾಣ ಉಳಿಸಿದ್ರು ಅಂತ ಅಷ್ಟೇ. ಸೈನ್ ಮಾಡ್ಬಿಡಿ. ನಮ್ಮವರು ನಮ್ಮವರಿಗೆ ಆಗ್ಬೇಕಲ್ವಾ."

ಆರ್ಥರ್ ಓದಿದ. "ಇದು ಬೇಡ ಸರ್. ನಾನೇ ಬರೆದು ಕೊಡ್ತೇನೆ," ಎಂದ. ಅವರನ್ನು ಕೂರಿಸಿಯೇ, ತನ್ನ ಉರುಟು ಅಕ್ಷರದಲ್ಲಿ, ಬಂದಷ್ಟು ಇಂಗ್ಲಿಷಿನಲ್ಲಿ ಬರೆದ. ಡಾಕ್ಟರು ನನ್ನ ತೊಡೆಗೆ ಹಗ್ಗ ಬಿಗಿದು ಜೀವ ಉಳಿಸಿದರು. ಅದಕ್ಕೆ ಒಂದು ನಿಮಿಷ ಮೊದಲು ಅವರ ಕಾರು ನನ್ನ ಕಾಲನ್ನು ಜಜ್ಜಿತು. ಆ ಕಾರಿಗೆ ಚೈನ್ ಇರಲಿಲ್ಲ. ಆ ಚಕ್ರಕ್ಕೆ ಚೈನ್ ಕೂರುವುದಿಲ್ಲ, ಈ ಗಾಡಿ ಬೇಡ ಎಂದು ನಾನು ಮೂರು ವಾರ ಮೊದಲೇ ಹೇಳಿದ್ದೆ. ಇಳಿಯುವ ಮೊದಲೂ ಹೇಳಿದ್ದೆ. ಎರಡೂ ನಿಜ, ಎರಡನ್ನೂ ಓದಿ.

ಮಹಾಬಲೇಶ್ವರ ಎರಡು ಸಲ ಓದಿ ಕನ್ನಡಕ ತೆಗೆದರು. "ಇದನ್ನ ಕೊಟ್ರೆ ಏನ್ರೀ ಉಪಯೋಗ?"

"ಉಪಯೋಗ ಆಗ್ಲಿ ಅಂತ ಬರೆದದ್ದಲ್ಲ ಸರ್."

ಅವರು ಕಾಗದವನ್ನು ಟೀಪಾಯಿಯ ಮೇಲೆಯೇ ಬಿಟ್ಟು ಎದ್ದರು. ಬಾಗಿಲಲ್ಲಿ ನಿಂತು, ರಾಜ್ಯೋತ್ಸವದ ದಿನ ಡಾಕ್ಟರಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ, ನೀವು ಸ್ಟೇಜಿನ ಮೇಲೆ ಇದ್ದರೆ ಚೆನ್ನಾಗಿರುತ್ತದೆ ಎಂದರು. ಆರ್ಥರ್ ಬಾಗಿಲು ಹಾಕಿಕೊಂಡ. ತನ್ನ ಕಾಗದವನ್ನು ತಾನೇ ಅಂಚೆಗೆ ಹಾಕಿಸಿದ.

ಸನ್ಮಾನಕ್ಕೆ ಅವನು ಹೋಗಲಿಲ್ಲ. ಸೆಲಿನ್ ಹೋದಳು. ಹತ್ತು ವರ್ಷದಿಂದ ಅದೇ ಹೆಂಗಸರ ಜೊತೆ ಹಾಡಿದವಳು, ಅಡುಗೆ ಮಾಡಿದವಳು. ಮನೆಯಲ್ಲಿ ಕೂತು ಕೂತು ಅವಳಿಗೂ ಉಸಿರು ಕಟ್ಟಿತ್ತು. ಹಿಂದಿನ ಸಾಲಿನಲ್ಲಿ ಕುಳಿತು ಬರುತ್ತೇನೆ ಎಂದಿದ್ದಳು. ಸಂಜೆ ಗುಂಪಿನಲ್ಲಿ ಬಂದ ವೀಡಿಯೊದಲ್ಲಿ ಆರ್ಥರ್ ಕಂಡದ್ದು ಬೇರೆ. ಶಾಲೆಯೊಂದರ ಸಭಾಂಗಣ, ಮೈಸೂರು ಪೇಟ ತೊಟ್ಟು ಕುಳಿತ ಡಾಕ್ಟರು, ಸನ್ಮಾನಪತ್ರ ಓದುವ ಧ್ವನಿ. ಆಮೇಲೆ ಯಾರೋ ಸೆಲಿನ್‌ಳ ಕೈ ಹಿಡಿದು ವೇದಿಕೆಗೆ ಎಳೆದು ತಂದರು. ಹೂಗುಚ್ಛವೊಂದನ್ನು ಅವಳ ಕೈಗೆ ತುರುಕಿದರು. ಅವಳು ಅದನ್ನು ಡಾಕ್ಟರಿಗೆ ಕೊಟ್ಟಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅವಳು ಮನೆಗೆ ಬಂದಾಗ ಅವನು ಮಾತಾಡಲಿಲ್ಲ. ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಅವನ ಕಾಲಿನ ತುದಿಗೆ ಬಟ್ಟೆ ಸುತ್ತುತ್ತಾ ಅವಳೇ ಬಾಯಿಬಿಟ್ಟಳು.

"ಎಲ್ಲರೂ ಕೈ ತಟ್ತಾ ಇದ್ರು. ಹೂವು ಕೈಗೆ ಕೊಟ್ಬಿಟ್ರು. ನಾನು ಎಂತ ಮಾಡ್ಬೇಕಿತ್ತು, ಹೇಳಿ?"

"ಕೆಳಗೆ ಹಾಕ್ಬೇಕಿತ್ತು."

"ನೀವು ಆ ಚೈನ್ ಅಂಗಡಿ ಎದುರು ಡಾಕ್ಟ್ರ ಚೀಲ ಕೆಳಗೆ ಹಾಕಿದ್ರಾ? ನೀವೂ ಸುಮ್ಮನೆ ನಿಂತದ್ದಲ್ವಾ?"

ಅವಳು ಬಟ್ಟೆ ಸುತ್ತಿ ಮುಗಿಸಿ ಎದ್ದು ಹೋದಳು. ಅದರ ಮೇಲೆ ಆ ವಿಷಯ ಅವರ ನಡುವೆ ಬರಲಿಲ್ಲ, ಆದರೆ ಅವರ ಮಾತು ಮೊದಲಿನ ಹಾಗೂ ಆಗಲಿಲ್ಲ.

ಫೆಬ್ರವರಿಯಲ್ಲಿ ತೀರ್ಪು ಬಂತು. ಡಾಕ್ಟರು ತಪ್ಪೊಪ್ಪಿಕೊಂಡಿದ್ದರು. ಹದಿಮೂರು ಜನ ಅವರ ಒಳ್ಳೆಯತನದ ಬಗ್ಗೆ ಬರೆದಿದ್ದರು. ಸ್ಥಳದಲ್ಲೇ ಜೀವ ಉಳಿಸಿದ್ದನ್ನು ನ್ಯಾಯಾಧೀಶರು ವಿಶೇಷವಾಗಿ ಗಮನಿಸಿದರು. ದಂಡ, ಮೂರು ತಿಂಗಳು ಲೈಸೆನ್ಸ್ ಇಲ್ಲ. ದಾಖಲೆಯಲ್ಲಿ ಅಪರಾಧಿ ಎಂದು ಬರೆಯುವುದು ಬೇಡ ಎಂದಾಯಿತು. ಆರ್ಥರನ ಕಾಗದ ಫೈಲಿನಲ್ಲಿತ್ತಂತೆ. ಅದನ್ನು ಓದಿದರೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆ ಮೂರು ತಿಂಗಳು ರಂಜನಿ ಡಾಕ್ಟರನ್ನು ಕ್ಲಿನಿಕ್ಕಿಗೆ ಬಿಟ್ಟು ಬರುತ್ತಿದ್ದಳು.

ಅದೇ ತಿಂಗಳು ಆರ್ಥರನ ಬಸ್ ಲೈಸೆನ್ಸಿನ ಪರೀಕ್ಷೆಯೂ ಇತ್ತು. ಹೊಸ ಕೃತಕ ಕಾಲಿನಲ್ಲಿ ನಡೆಯುವುದನ್ನು ಅವನು ಚೆನ್ನಾಗಿ ಕಲಿತಿದ್ದ. ಪರೀಕ್ಷಿಸಿದ ಹೆಣ್ಣುಮಗಳು ಒಳ್ಳೆಯವಳು, ಎರಡು ಸಲ ಅವಕಾಶ ಕೊಟ್ಟಳು. ಬ್ರೇಕ್ ಪೆಡಲ್ ಎಷ್ಟು ಒತ್ತಿದ್ದೇನೆಂದು ಆ ಕಾಲಿಗೆ ತಿಳಿಯುವುದಿಲ್ಲ. ಎಡಗಾಲಿನ ಪೆಡಲ್ ಹಾಕಿಸಿಕೊಂಡು ಸ್ವಂತ ಕಾರು ಓಡಿಸಬಹುದು, ಜನ ತುಂಬಿದ ಬಸ್ಸು ಇನ್ನು ಬೇಡ ಎಂದಳು. ಅವನಿಗೆ ಮೂರು ತಿಂಗಳ ಲೆಕ್ಕವಿಲ್ಲ, ಇದ್ದಷ್ಟೂ ಕಾಲ. ಡಿಪೋದವರು ಕೈಬಿಡಲಿಲ್ಲ. ಬೆಳಗಿನ ಪಾಳಿಯಲ್ಲಿ ಡ್ರೈವರುಗಳಿಗೆ ಕೀಲಿ ಮತ್ತು ರೂಟಿನ ಹಾಳೆ ಕೊಡುವ ಕಿಟಕಿಯಲ್ಲಿ ಕೂರಿಸಿದರು. ಮನೆಯ ಕಾರಿಗೆ ಎಡಗಾಲಿನ ಪೆಡಲ್ ಹಾಕಿಸಲು ಅವನು ಒಪ್ಪಲಿಲ್ಲ. ರೊವೆನಾ ಫೋನಿನಲ್ಲಿ ಜಗಳಾಡಿದಳು. ಮೂವತ್ತೊಂದು ವರ್ಷ ಒಂದು ಕಾಲಿಗೆ ಕಲಿಸಿದ್ದನ್ನು ಇನ್ನೊಂದಕ್ಕೆ ಕಲಿಸಲು ತನಗೆ ಮನಸ್ಸಿಲ್ಲ ಎಂದ. ಸೆಲಿನ್ ಅವನನ್ನು ಡಿಪೋಗೆ ಬಿಟ್ಟು ಕೆಲಸಕ್ಕೆ ಹೋಗುತ್ತಾಳೆ. ಅವಳು ಹೆದರಿ ಹೆದರಿ ಓಡಿಸುತ್ತಾಳೆ. ಸಿಗ್ನಲ್ ಕೆಂಪಾದಾಗೆಲ್ಲ ಪಕ್ಕದ ಸೀಟಿನಲ್ಲಿ ಕುಳಿತ ಆರ್ಥರನ ಇಲ್ಲದ ಪಾದ ಮೆತ್ತಗೆ ಬ್ರೇಕ್ ಒತ್ತುತ್ತದೆ, ಹಿಮ್ಮಡಿಯವರೆಗೂ ನೋಯುತ್ತದೆ.

ಜೂನ್ ಬಂತು. ಗುಂಪಿನಲ್ಲಿ ಮತ್ತೆ ಸಂದೇಶ. ಈ ಸಲ ಆರು ಕಾರು, ಮುಂದಾಳು ಡಾಕ್ಟರೇ. ಹೋದ ವರ್ಷದ ಅನುಭವದಿಂದ ಇನ್ನೂ ದೊಡ್ಡ ಗಾಡಿ ತೆಗೆದುಕೊಂಡಿದ್ದೇನೆ, ಯಾರಿಗೂ ಚಿಂತೆ ಬೇಡ ಎಂದು ಬರೆದಿದ್ದರು. ಆರ್ಥರ್ ಒಂದು ಗಂಟೆ ಕುಳಿತು, ಟಯರಿನ ಬಗ್ಗೆ, ಚೈನಿನ ಅಳತೆಯ ಬಗ್ಗೆ, ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಬಾರದ ಬಗ್ಗೆ, ಮುಂದಿನವರು ನಿಧಾನ ಹೋದರೆ ತಾಳ್ಮೆಯಿಂದ ಹಿಂದೆಯೇ ಹೋಗಬೇಕಾದ ಬಗ್ಗೆ ಟೈಪು ಮಾಡಿ ಹಾಕಿದ. ಹತ್ತು ನಿಮಿಷದಲ್ಲಿ ಅದು ಮಾಯವಾಯಿತು. ಮಹಾಬಲೇಶ್ವರ ಪ್ರತ್ಯೇಕವಾಗಿ ಬರೆದರು: 'ಆರ್ಥರ್‌ವ್ರೇ, ಬೇಜಾರ್ ಮಾಡ್ಕೋಬೇಡಿ. ಮಕ್ಕಳು ಖುಷಿಯಾಗಿದ್ದಾರೆ, ಹೆದರಿಸೋದು ಬೇಡ.'

ಅಳಿಸುವ ಮೊದಲು ಒಬ್ಬನಾದರೂ ಓದಿದ್ದ. ಮನೋಜ ಎಂಬ ಹೊಸಬ, ಹಾಸನದ ಕಡೆಯವನು, ಬಂದು ಎಂಟು ತಿಂಗಳಾಗಿತ್ತು. ಮರುದಿನ ಫೋನ್ ಮಾಡಿದ.

"ಆರ್ಥರ್ ಅಂಕಲ್, ನನ್ನದು ಸಣ್ಣ ಹ್ಯಾಚ್‌ಬ್ಯಾಕ್. ಇದ್ರಲ್ಲಿ ಹೋಗ್ಬಹುದಾ?"

ಆರ್ಥರ್ ಎದ್ದು ಕುಳಿತ. ಬಹಳ ದಿನಗಳ ಮೇಲೆ ಅವನ ಧ್ವನಿ ಗಟ್ಟಿಯಾಯಿತು. ಸಣ್ಣ ಗಾಡಿಯೇ ಒಳ್ಳೆಯದು, ಟಯರಿನ ಗೀರು ಸವೆದಿದೆಯೇ ನೋಡು, ಮುಂದಿನ ಚಕ್ರಕ್ಕೆ ಚೈನ್ ಹಾಕು, ಇಲ್ಲಿಯೇ ನನ್ನ ಮನೆ ಮುಂದೆ ಬಾ, ಹಾಕುವುದು ಕಲಿಸುತ್ತೇನೆ, ನಲವತ್ತು ದಾಟಬೇಡ, ವಾತಾವರಣ ಕೆಟ್ಟರೆ ಟೇಬಲ್ಲೂ ಬೇಡ ಬುಕಿಂಗೂ ಬೇಡ, ಮೇಲೆಯೇ ಉಳಿ. ಇಪ್ಪತ್ತು ನಿಮಿಷ ಹೇಳಿದ. ಮನೋಜ ಎಲ್ಲದಕ್ಕೂ ಹೂಂ ಹೂಂ ಎಂದ.

"ಭಾನುವಾರ ಬರ್ತೀನಿ ಅಂಕಲ್, ಚೈನ್ ಹಾಕೋದು ತೋರ್ಸಿ."

ಭಾನುವಾರ ಆರ್ಥರ್ ಚರ್ಚಿನ ಪೂಜೆಯಿಂದ ಬೇಗ ಬಂದು, ಹಳೆಯ ಚಾಪೆ ಹಾಸಿ, ಒಂದು ಸ್ಟೂಲ್ ಹಾಕಿಕೊಂಡು ಮನೆಯ ಮುಂದೆ ಕುಳಿತ. ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಗಂಟೆಗೆ ಅವನೇ ಫೋನ್ ಮಾಡಿದ.

"ಸಾರಿ ಅಂಕಲ್, ಹೇಳೋದೇ ಮರೆತ್ಬಿಟ್ಟೆ," ಎಂದ ಮನೋಜ. "ನನ್ನ ಕಾರು ಬೇಡ ಅಂದ್ರು ಡಾಕ್ಟ್ರು. ಅವರ ಗಾಡೀಲೇ ಸೀಟಿದ್ಯಂತೆ. ದೊಡ್ಡ ಗಾಡಿ, ಆಲ್-ವೀಲ್ ಡ್ರೈವ್ ಅಲ್ವಾ, ಸೇಫ್ ಆಗಿರತ್ತೆ ಅಂದ್ರು. ಏನಾದ್ರೂ ಆದ್ರೂ ಜೊತೇಲಿ ಡಾಕ್ಟ್ರು ಇರ್ತಾರಲ್ಲ ಅಂಕಲ್."

"ಹೌದು," ಎಂದ ಆರ್ಥರ್. "ಇರ್ತಾರೆ."

ಸೆಲಿನ್ ಒಳಗಿನಿಂದ ಊಟಕ್ಕೆ ಕರೆದಳು. ಅವನು ಬಾಗಿ ಚಾಪೆ ಸುತ್ತಲು ನೋಡಿದ. ಹೊಸ ಕಾಲಿನ ಪಾದ ಬಾಗಲಿಲ್ಲ. ಹಾಗೇ ಬಿಟ್ಟು ಒಳಗೆ ಹೋದ.